ಹೆಸರಿಲ್ಲದ ಬಾಟಲಿಯ ಸೂಜಿ

ಅಕ್ಕಂದಿರೇ, ತಂಗಿಯರೇ, ನಾಚಿಕೊಂಡು ಎದ್ದು ಹೋಗಬೇಡಿ. ಇದು ಹೆಂಗಸರ ಎದೆಯ ಮಾತು, ಹೌದು. ಆದರೆ ಜೀವದ ಮಾತೂ ಹೌದು. ಪೂರ್ತಿ ಕೇಳಿ.

2006ನೇ ಇಸವಿ. ಹೊರ್ತಿಯ ಶಂಕ್ರೆವ್ವನ ಮಗಳು ಸುವರ್ಣಾಗೆ ಇಪ್ಪತ್ತು ವರ್ಷ. ಗೊಳಸಂಗಿಯ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಮದುವೆಯ ಕುಬಸ, ಅಂದರೆ ರವಿಕೆ, ಹೊಲಿಸಲು ಅಳತೆಗೆಂದು ಅವಳ ಹಳೆಯ ಕುಬಸವೊಂದನ್ನು ಬೀಗರ ಮನೆಗೆ ಕಳಿಸಿದ್ದರು. ಅದನ್ನು ಎತ್ತಿ ಹಿಡಿದು ಹುಡುಗನ ಅಕ್ಕ ಎಲ್ಲರೆದುರು ನಕ್ಕಳಂತೆ. "ಇದು ಸಾಲಿ ಹುಡುಗಿ ಕುಬಸ ಐತಿ. ಮದುಮಗಳದು ಎಲ್ಲೈತಿ?"

ಮಾತು ಶಂಕ್ರೆವ್ವನ ಕಿವಿಗೆ ಬಿತ್ತು. ಮಗಳ ಎದೆ ದೊಡ್ಡದು ಮಾಡಿಸಬೇಕೆಂದು ಅವಳನ್ನು ಕರೆದುಕೊಂಡು ಸೊಲ್ಲಾಪುರದ ಡಾಕ್ಟರ ಹತ್ತಿರ ಓಡಿದಳು. ಅವರು ಎರಡು ಬಗೆಯ ಮೆತ್ತನೆಯ ಚೀಲ ಮೇಜಿನ ಮೇಲಿಟ್ಟರು. "ಆಪರೇಷನ್ ಮಾಡಿ ಒಳಗ ಇಡಬೇಕಾಗತೈತ್ರಿ. ಗಡಿಬಿಡಿ ಬ್ಯಾಡ, ವಿಚಾರ ಮಾಡಿ ಬರ್ರಿ." ಕೊಯ್ಯುವ ಮಾತು ಕೇಳಿ ಶಂಕ್ರೆವ್ವ ಹೆದರಿ ಎದ್ದುಬಂದಳು. ಊರಿಗೆ ಬಂದರೆ, ಹಳ್ಳಿಹಳ್ಳಿ ತಿರುಗಿ ಬ್ಯೂಟಿ ಪಾರ್ಲರ್ ಕೆಲಸ ಮಾಡುವ ಒಬ್ಬ ಹೆಂಗಸು, ಎಲ್ಲರೂ 'ಪಾರ್ಲರ್ ಬಾಯಿ' ಅನ್ನುವವಳು, ಸಿಕ್ಕಳು. "ಕೊಯ್ಯೂದಿಲ್ಲ, ಹೊಲಿಯೂದಿಲ್ಲ. ಎರಡು ಇಂಜೆಕ್ಷನ್, ಮುಗೀತು!"

ನಮ್ಮ ಕಡೆ ಗೊತ್ತಲ್ಲ, ನೆಗಡಿ ಬಂದರೂ ಗುಳಿಗೆ ಸಾಲದು, ಸೂಜಿ ಚುಚ್ಚಿದರೇ ಸಮಾಧಾನ. ಶಂಕ್ರೆವ್ವ ಒಪ್ಪಿಬಿಟ್ಟಳು.

ಸೋಮವಾರ ಮಧ್ಯಾಹ್ನ ಸುವರ್ಣಾಳನ್ನು ಪಡಸಾಲೆಯ ಚಾಪೆಯ ಮೇಲೆ ಮಲಗಿಸಿದರು. ಪಾರ್ಲರ್ ಬಾಯಿ ದಪ್ಪ ಸಿರಿಂಜಿಗೆ ಔಷಧ ಎಳೆದಳು. ಅಷ್ಟರಲ್ಲಿ ಊರಿನ ನರ್ಸ್ ಇಮಾಮಬಿ ಒಳಗೆ ನುಗ್ಗಿದಳು. ಬೆಳಿಗ್ಗೆ ನೀರಿಗೆ ಬಂದಾಗ ಸುವರ್ಣಾ ಅವಳಿಗೆ ಡಾಕ್ಟರ ಚೀಲದಿಂದ ಹಿಡಿದು ಈ ಸೂಜಿಯವರೆಗೆ ಎಲ್ಲವನ್ನೂ ಗುಟ್ಟಾಗಿ ಹೇಳಿದ್ದಳು.

"ತಡೀರಿ! ಆ ಬಾಟ್ಲಿ ಕೊಡ್ರಿ ಇಲ್ಲೆ."

"ನಡುವ ಬರಬ್ಯಾಡ್ರಿ ಸಿಸ್ಟರ್, ಸಿರಿಂಜ್ ತುಂಬೇನಿ."

ಇಮಾಮಬಿ ಬಾಟಲಿ ಕಸಿದುಕೊಂಡು ತಿರುಗಿಸಿ ನೋಡಿದಳು. ಚೀಟಿಯಿಲ್ಲ, ಕಂಪನಿಯ ಹೆಸರಿಲ್ಲ, ತಾರೀಖಿಲ್ಲ.

"ಏನೈತಿ ಇದರಾಗ?"

"ಸಿಲಿಕೋನ್ ರೀ. ದೊಡ್ಡ ಡಾಕ್ಟರೂ ಅದನ್ನ ಹಾಕ್ತಾರ."

ಶಂಕ್ರೆವ್ವ ರೇಗಿದಳು. "ಕೇಳಿದಿಲ್ಲ ಇಮಾಮಬಿ? ಎರಡೂ ಒಂದ! ಇದ್ರಾಗ ಕೊಯ್ಯೂದರ ತಪ್ಪತೈತಿ. ಬೀಗರು ನಗಾಕತ್ತಾರ, ನನ್ನ ಸಂಕಟ ನಿನಗೇನ ಗೊತ್ತು?"

"ಒಂದ ಅಲ್ಲ ಯಕ್ಕಾ! ನಾ ಸೊಲ್ಲಾಪುರದಾಗ ಆಪರೇಷನ್ ವಾರ್ಡಿನ್ಯಾಗ ಇದ್ದಾಕಿ. ಡಾಕ್ಟರು ತೋರಿಸಿದ ಒಂದು ಚೀಲದಾಗ ಉಪ್ಪುನೀರು. ಅದು ಒಡದ್ರ ನೀರು ಮೈಯಾಗ ಇಂಗತೈತಿ, ಎದಿ ಇಳೀತೈತಿ, ಒಡದದ್ದು ಗೊತ್ತಾಗತೈತಿ. ಆದ್ರ ಮ್ಯಾಲೆ ಸುಕ್ಕು ಕಾಣಬಹುದು. ಇನ್ನೊಂದರಾಗ ಸಿಲಿಕೋನ್ ಜೆಲ್, ಗಟ್ಟಿ ಲೋಳಿ ಇದ್ದಂಗ. ಅದು ಮುಟ್ಟಾಕ ಖರೇ ಎದಿ ಹಂಗ. ಆದ್ರ ಒಡದ್ರ ಎಷ್ಟೋ ಸಲ ತಿಳಿಯೂದ ಇಲ್ಲ, ಸ್ಕ್ಯಾನ್ ಮಾಡಿಸಬೇಕು."

"ಹಂಗಾರ ಯಾವುದು ಚಲೋ?"

"ಎರಡೂ ಸಾಯೂತನಕ ಬಾಳಿಕಿ ಬರತಾವಂತ ಗ್ಯಾರಂಟಿ ಇಲ್ಲ. ಸುತ್ತಲಿನ ಮಾಂಸ ಬಿಗಿದು ನೋಯಬಹುದು, ಮತ್ತ ಆಪರೇಷನ್ ಬೇಕಾಗಬಹುದು, ಮುಂದ ಕೂಸಿಗೆ ಹಾಲು ಕಡಿಮಿ ಆಗಬಹುದು. ಅದಕ್ಕ ವಿಚಾರ ಮಾಡ್ರಿ ಅಂದಾರ ಅವರು. ಈಕಿ ಸೂಜಿಗೆ ಚೀಲನ ಇಲ್ಲ! ಸಡ್ಲ ಸಿಲಿಕೋನ್ ರಕ್ತಕ್ಕ ಸೇರಿದ್ರ ಪುಪ್ಪುಸಕ್ಕ ಹೋಗತೈತಿ, ಉಸಿರು ನಿಂದರತೈತಿ. ಮಾಂಸದಾಗ ಹರಡಿದ್ರ ಗಂಟು, ಕೀವು. ಪೂರ್ತಿ ತೆಗ್ಯಾಕೂ ಬರೂದಿಲ್ಲ."

ಶಂಕ್ರೆವ್ವ ಪಾರ್ಲರ್ ಬಾಯಿಯ ಕಡೆ ತಿರುಗಿದಳು. "ಉಸಿರು ನಿಂತ್ರ ನೀ ಏನ್ ಮಾಡ್ತಿ?"

ಅವಳು ತುಂಬಿದ ಸಿರಿಂಜನ್ನು ಬ್ಯಾಗಿಗೆ ಸೇರಿಸಿದಳು.

ಸುವರ್ಣಾ ಎದ್ದು ಕುಳಿತಳು. "ಯವ್ವಾ, ಗೊಳಸಂಗ್ಯಾಗ ಒಬ್ಬಾಕಿ ನಕ್ಕಿದ್ದು ನಿನಗ ಕೇಳಿಸ್ತು. ನಾ ಮೂರು ದಿನದಿಂದ ಮಗ್ಗಲದಾಗ ನಿಂತು ಒಲ್ಲೆ ಅನ್ನಾಕತ್ತೇನಿ, ಅದು ಕೇಳಿಸಲಿಲ್ಲೇನ?"

ಶಂಕ್ರೆವ್ವ ಪಾರ್ಲರ್ ಬಾಯಿಯ ಮೇಲೆ ಗುಡುಗಿದಳು. "ಏಳ ಬೇ, ಹೊರಗ ನಡಿ! ಬೀಗರು ಹಲ್ಲು ಕಿಸಿದ್ರಂತ ನನ್ನ ಮಗಳ ಜೀವ ಕೊಡ್ಲೇನ?"

ಕೇಳುತ್ತಿರುವ ಅಕ್ಕಂದಿರೇ, ಎದೆ ಸಣ್ಣದಿರುವುದು ರೋಗವಲ್ಲ. ಮಾಡಿಸಿಕೊಳ್ಳಲೇಬೇಕು ಅನ್ನಿಸಿದರೆ ಅದು ಆ ಹೆಣ್ಣಿನದೇ ಆಸೆಯಾಗಿರಲಿ, ಬೀಗರದಲ್ಲ. ಆಸ್ಪತ್ರೆಗೆ ಹೋಗಿ, ಪ್ಲಾಸ್ಟಿಕ್ ಸರ್ಜನ್ ಹತ್ತಿರವೇ ಹೋಗಿ. ಯಾವ ಚೀಲ, ಒಡೆದರೆ ಏನು, ಮುಂದೆ ತೆಗೆಯುವುದು ಹೇಗೆ ಎಂದು ಬಾಯಿ ಬಿಟ್ಟು ಕೇಳಿ. ಮನೆ ಬಾಗಿಲಿಗೆ ಬರುವ ಸೂಜಿಗೆ ಮಾತ್ರ ಮೈ ಕೊಡಬೇಡಿ.

ಇಮಾಮಬಿ ಪೊಲೀಸರಿಗೆ ಫೋನು ಮಾಡುವಷ್ಟರಲ್ಲಿ ಪಾರ್ಲರ್ ಬಾಯಿ ಇಂಡಿಗೆ ಹೋಗುವ ಬಸ್ಸು ಹತ್ತಿಬಿಟ್ಟಿದ್ದಳು. ತುಂಬಿದ ಸಿರಿಂಜು ಅವಳ ಜೊತೆಗೇ ಹೋಯಿತು. ಅವಳು ನಿಮ್ಮೂರಲ್ಲಿ ಇಳಿದು, ನಿಮ್ಮ ಮನೆಯಲ್ಲಿ ಚಾಪೆ ಹಾಸಲು ಹೇಳಿದ್ದರೆ, ಇಮಾಮಬಿಯಂಥವರು ಯಾರೂ ಬರದೇ ಹೋಗಿದ್ದರೆ, ನೀವು ಏನು ಮಾಡುತ್ತಿದ್ದಿರಿ?