ಬಾಗಿಲು ಬರುವ ತನಕ

"ಯಾವಳೇ ಅವಳು, ನನ್ನ ಮನೆ ನಂಬರು ಕೊಟ್ಟೋಳು? ಇಳಿಯೇ ಕೆಳಗೆ."

ನಾನು ಏಣಿಯ ನಡುವಿನಲ್ಲಿದ್ದೆ. ತಲೆಯ ಮೇಲೆ ಗಾರೆ ತುಂಬಿದ ಬಾಂಡ್ಲಿ. ಗಾರೆ ಹೊತ್ತು ಏಣಿ ಹತ್ತುವುದು ಅಭ್ಯಾಸವಾದವರಿಗೆ ಕಷ್ಟವಲ್ಲ. ಹೊತ್ತು ಇಳಿಯುವುದು ಮಾತ್ರ ಯಾರಿಗೂ ಅಭ್ಯಾಸವಿಲ್ಲ, ಅಂಥ ಕೆಲಸವೇ ಇರುವುದಿಲ್ಲ. ಒಂದು ಕೈ ಬಾಂಡ್ಲಿಗೆ ಕೊಟ್ಟು, ಇನ್ನೊಂದರಲ್ಲಿ ಏಣಿ ಹಿಡಿದು, ಕಾಲಿನಿಂದ ಮೆಟ್ಟಿಲು ತಡಕುತ್ತಾ ಇಳಿದೆ. ಗಾರೆಯ ನೀರು ಸೋರಿ ಕಿವಿಯ ಹಿಂದಿನಿಂದ ರವಿಕೆಯೊಳಗೆ ಹರಿಯಿತು.

ಕೆಳಗೆ ಸಾಹುಕಾರ ನಿಂತಿದ್ದ. ಪಕ್ಕದ ಬೀದಿಯಲ್ಲಿ ಅವನು ವಾಸ ಮಾಡುವ ಮನೆಯನ್ನು ಹೋದ ವರ್ಷ ಕಟ್ಟಿ ಮುಗಿಸಿದವರು ನಾವೇ. ಈಗ ಕಟ್ಟುತ್ತಿರುವುದೂ ಅವನದೇ, ಬಾಡಿಗೆಗೆ ಬಿಡಲು. ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡಿದ್ದ. ಅವನ ಹಿಂದೆ ಮೇಸ್ತ್ರಿ ಕೈ ಕಟ್ಟಿಕೊಂಡು ನಿಂತಿದ್ದ. ಮೇಸ್ತ್ರಿ ಎಂದರೆ ನನ್ನ ಒಡಹುಟ್ಟಿದ ಅಣ್ಣ.

"ನಿನ್ನ ಗಂಡ ಕ್ಷಯದ ರೋಗಿನಾ?"

"ಹೂಂ ಸ್ವಾಮಿ. ಮಾತ್ರೆ ತಗೋತಿದಾನೆ."

"ಮಾತ್ರೆನಾದ್ರೂ ತಗೊಳ್ಳಲಿ, ವಿಷನಾದ್ರೂ ತಗೊಳ್ಳಲಿ. ನನ್ನ ಮನೇಲಿದಾನೆ ಅಂತ ಆಸ್ಪತ್ರೇಲಿ ಹೇಳೋಕೆ ಎಷ್ಟು ಕೊಬ್ಬು ನಿನಗೆ? ನಿನ್ನೆ ನೆಂಟರು ಊಟಕ್ಕೆ ಕೂತಿದ್ದರು. ಒಬ್ಬಳು ಚೀಲ ನೇತು ಹಾಕ್ಕೊಂಡು ಬಂದು, ಬಾಗಿಲಲ್ಲಿ ನಿಂತು, ಕ್ಷಯದ ರೋಗೀನ ಕರೀರಿ ಅಂತಾಳೆ. ಅರ್ಧ ಊಟದಲ್ಲೇ ಎದ್ದು ಕೈ ತೊಳೆದರು. ನನ್ನ ಮೊಮ್ಮಗನ ಮುಟ್ಟೋಕೂ ಹೆದರಿದರು ಕಣೇ, ಭಿಕನಾಸಿ."

ನನ್ನ ಗಂಡ ಆಚೆ ಮರಳು ಜರಡಿ ಹಿಡಿಯುತ್ತಿದ್ದ. ಭಾರ ಹೊರಬೇಡ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು, ಹಾಗಾಗಿ ಹಗುರದ ಕೆಲಸವೆಂದು ಅಣ್ಣ ಅವನಿಗೆ ಧೂಳಿನ ಕೆಲಸ ಕೊಟ್ಟಿದ್ದ. ಜರಡಿ ಕೆಳಗಿಟ್ಟು ಅವನು ಎರಡು ಹೆಜ್ಜೆ ಬಂದ.

"ಅಲ್ಲೇ ನಿಲ್ಲೋ" ಎಂದ ಸಾಹುಕಾರ.

ನಾನು ಅಣ್ಣನ ಮುಖ ನೋಡಿದೆ. "ಅಣ್ಣ, ಹೇಳು" ಎಂದೆ.

"ಏನ್ ಹೇಳೋದು?" ಎಂದ ಅಣ್ಣ. ಆಮೇಲೆ ಸಾಹುಕಾರನ ಕಡೆ ತಿರುಗಿದ. "ನನಗೇನ್ ಗೊತ್ತು ಸ್ವಾಮಿ. ಇವಳ ತಲೇಲೂ ಗಾರೆನೇ ತುಂಬ್ಕೊಂಡಿದೆ. ನನ್ನ ಒಂದು ಮಾತು ಕೇಳಿಲ್ಲ ಮುಂಡೇದು."

ಅಷ್ಟು ಹೇಳಿ ಅವನು ಬಾಯಿ ಬಿಗಿಹಿಡಿದ. ಕತ್ತಿನ ನರಗಳು ಉಬ್ಬಿದವು, ಕಣ್ಣಲ್ಲಿ ನೀರು ಬಂತು. ನೋಡಿದವರಿಗೆ ಪಶ್ಚಾತ್ತಾಪದಂತೆ ಕಾಣುತ್ತಿತ್ತು. ನನಗೆ ಗೊತ್ತಿತ್ತು, ಅವನು ಕೆಮ್ಮನ್ನು ನುಂಗುತ್ತಿದ್ದ.

"ಸಂಜೆಯೊಳಗೆ ಇವರಿಬ್ಬರು ಖಾಲಿಯಾಗ್ಬೇಕು. ಮಲಗಿದ ಜಾಗಕ್ಕೆ ಸುಣ್ಣ ಹೊಡೆಸು" ಎಂದ ಸಾಹುಕಾರ.

"ಆಗಲಿ ಸ್ವಾಮಿ" ಎಂದ ನನ್ನ ಅಣ್ಣ.

*

ನಾವು ಬಾಗಿಲಿಲ್ಲದ ಮನೆಗಳಲ್ಲಿ ಸಂಸಾರ ಮಾಡುವವರು. ಪಾಯ ಅಗೆಯುವಾಗ ತಾಡಪಾಲಿನ ಕೆಳಗೆ, ಗೋಡೆ ಎದ್ದಾಗ ಗೋಡೆಯ ಮರೆಗೆ, ತಾರಸಿ ಹಾಕಿದ ಮೇಲೆ ರಾಜರ ಹಾಗೆ. ಒಲೆ ಹೂಡುವುದು ಸಾಮಾನ್ಯವಾಗಿ ಮುಂದೆ ಸಾಹುಕಾರರು ಸ್ನಾನ ಮಾಡುವ ಜಾಗದಲ್ಲಿ. ಹೊಗೆ ಹೋಗಲು ಅಲ್ಲೊಂದು ಕಿಂಡಿ ಇರುತ್ತದೆ. ಬಡಗಿ ಬಾಗಿಲು ಹೊತ್ತು ತಂದ ದಿನ ನಾವು ಗಂಟು ಕಟ್ಟುತ್ತೇವೆ. ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಬಾಗಿಲು ಬಂದರೆ ಅದು ಮನೆ. ಮನೆಯಾದರೆ ನಮ್ಮದಲ್ಲ.

ಗಂಡನಿಗೆ ಕೆಮ್ಮು ಶುರುವಾದಾಗ ಎಲ್ಲರೂ ಸಿಮೆಂಟಿನ ಕೆಮ್ಮು ಎಂದರು. ಬೆಲ್ಲ ತಿನ್ನು ಎಂದರು. ಕೆಮ್ಮಿನಲ್ಲಿ ರಕ್ತ ಕಂಡ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಎಲ್ಲದಕ್ಕಿಂತ ಮೊದಲು ಕೇಳಿದ್ದು ಮನೆ ಎಲ್ಲಿ ಎಂದು.

"ಕೆಲಸ ಇದ್ದ ಕಡೆ" ಎಂದೆ.

"ಅದಲ್ಲಮ್ಮ. ನಂಬರು ಇರೋ ಮನೆ ಹೇಳು. ಆರು ತಿಂಗಳು ಬಿಡದೆ ನುಂಗೋ ಮಾತ್ರೆ ಇದು. ನಡುವೆ ನೀವು ಗಂಟು ಕಟ್ಟಿಕೊಂಡು ಹೋದರೆ ನಾವೆಲ್ಲಿ ಹುಡುಕೋದು? ವಿಳಾಸ ಇಲ್ಲದೋರಿಗೆ ಶುರು ಮಾಡೋ ಹಾಗಿಲ್ಲ."

ವಾಪಸು ಬಂದು ಅಣ್ಣನಿಗೆ ಹೇಳಿದೆ. ಅವನು ತೂಗುಗುಂಡು ಇಳಿಬಿಟ್ಟು ಗೋಡೆಯ ನೇರ ನೋಡುತ್ತಿದ್ದ. ಕಣ್ಣು ತೆಗೆಯದೆ ಹೇಳಿದ: "ಸಾಹುಕಾರ್ರ ಮನೆ ನಂಬರು ಕೊಡು. ನೀನೇ ಕಟ್ಟಿದ ಮನೆ ತಾನೆ? ಅವತ್ತು ಅವರ ಬಾಯಲ್ಲೇ ಬಂತಲ್ಲ. ನಾನಿದೀನಿ, ಕೊಡು."

ಅವತ್ತು ಎಂದರೆ ಸಾಹುಕಾರ ಹೊಸ ಮನೆಗೆ ಬಂದ ದಿನ. ನಮ್ಮನ್ನು ನೆಂಟರ ಮುಂದೆ ಸಾಲಾಗಿ ನಿಲ್ಲಿಸಿ, "ಕಟ್ಟಿದವರು ಇವರು. ಇದು ಇವರದೇ ಮನೆ" ಎಂದಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಊಟ ನಮಗೆ ಗೇಟಿನ ಹತ್ತಿರ ಬಂತು. ಅಲ್ಲಿದ್ದವರಲ್ಲಿ ಆ ಮಾತನ್ನು ನಂಬಿದವಳು ನಾನೊಬ್ಬಳೇ ಇರಬೇಕು.

ನಂಬರನ್ನು ಯಾರೂ ನನಗೆ ಹೇಳಿಕೊಡಬೇಕಿರಲಿಲ್ಲ. ಅಕ್ಷರ ಬರದಿದ್ದರೂ ನನಗೆ ಅಂಕಿ ಬರುತ್ತದೆ. ನಂಬರಿನ ಕಲ್ಲನ್ನು ಗೇಟಿನ ಕಂಬದಲ್ಲಿ ಕೂರಿಸಿ, ಸುತ್ತ ಸಿಮೆಂಟು ಬಳಿದು, ಒದ್ದೆ ಬಟ್ಟೆಯಲ್ಲಿ ಒರೆಸಿದವಳು ನಾನೇ. ನಮಗೆ ಗೊತ್ತಿರುವ ನಂಬರಿನ ಮನೆಗಳೆಲ್ಲ ನಾವು ಬಿಟ್ಟು ಬಂದ ಮನೆಗಳೇ.

ಎರಡು ತಿಂಗಳು ಚೆನ್ನಾಗಿ ನಡೆಯಿತು. ವಾರಕ್ಕೊಮ್ಮೆ ಗಂಡನೇ ಹೋಗಿ ಮಾತ್ರೆ ತರುತ್ತಿದ್ದ. ಮುಖಕ್ಕೆ ಕಳೆ ಬಂತು, ನಾಲಿಗೆಗೆ ಹಳೇ ಚಟವೂ ಬಂತು. ಆ ಮಾತ್ರೆಗೆ ಉಚ್ಚೆ ಕೆಂಪಗೆ ಬರುತ್ತದೆ. "ಗೋಡೆಗೆ ಬಣ್ಣ ಬೇಕಾದ್ರೆ ಹೇಳು ಭಾವ, ಒಂದು ಬಕೆಟ್ ಕೊಡ್ತೀನಿ" ಎಂದು ಅಣ್ಣನನ್ನು ಕಾಡುತ್ತಿದ್ದ.

ಈ ವಾರ ಮಾತ್ರೆ ತರುವ ದಿನವೇ ತಾರಸಿ ಹಾಕುವ ದಿನವಾಯಿತು. ತಾರಸಿಯನ್ನು ಅರ್ಧಕ್ಕೆ ಬಿಟ್ಟರೆ ಬೆಸುಗೆ ಕೂಡದೆ ಸೋರುತ್ತದೆ, ಒಂದು ಕೈಯೂ ಕಡಿಮೆಯಾಗುವ ಹಾಗಿಲ್ಲ. ಯಾರನ್ನೂ ಕಳಿಸುವುದಿಲ್ಲ ಎಂದ ಅಣ್ಣ. ಗಂಡ ಹೋಗಲಿಲ್ಲ. ಆಸ್ಪತ್ರೆಯಿಂದ ಬೀದಿ ಬೀದಿ ಸುತ್ತುವ ಒಬ್ಬಳಿದ್ದಾಳೆ, ನಾವು ಮಾತ್ರೆ ಅಕ್ಕ ಎನ್ನುತ್ತೇವೆ. ಯಾರು ಬರಲಿಲ್ಲವೋ ಅವರನ್ನು ಹುಡುಕಿಕೊಂಡು ಹೋಗಿ ಮಾತ್ರೆ ಕೊಡುವುದು ಅವಳ ಕೆಲಸ. ನಾನು ಕೊಟ್ಟ ನಂಬರನ್ನು ಅವಳು ಸರಿಯಾಗಿ ಹುಡುಕಿದ್ದಳು.

*

ಸಂಜೆ ಸುಣ್ಣದ ಬಕೆಟ್ ಹಿಡಿದುಕೊಂಡು ಅಣ್ಣನೇ ಬಂದ. ಬೇರೆಯವರಿಗೆ ಹೇಳಿರಲಿಲ್ಲ. ನಾನು ಪಾತ್ರೆಗಳನ್ನು ಗಂಟು ಕಟ್ಟುತ್ತಿದ್ದೆ.

"ನಂಬರು ಕೊಡು ಅಂದೋನು ನೀನು" ಎಂದೆ.

"ಅಂದೆ. ಏನೀಗ? ಅವಳು ಮನೆ ತನಕ ಬರ್ತಾಳೆ ಅಂತ ನನಗೇನು ಕನಸು ಬಿದ್ದಿತ್ತಾ?"

"ಆ ಮಾತು ಅವನ ಮುಂದೆ ಹೇಳ್ಬೇಕಿತ್ತು."

"ಹೇಳಿದ್ರೆ ಮೂರು ಜನ ಬೀದಿಗೆ. ಈಗ ಇಬ್ಬರು. ನೀನೇ ಲೆಕ್ಕ ಹಾಕು."

ಗಂಡ ನಕ್ಕ. "ಭಾವ ಯಾವಾಗ್ಲೂ ಅಡ್ಡಗೋಡೆ ಮೇಲೆ ದೀಪ ಇಡೋನು. ಇವತ್ತು ಗೋಡೆನೇ ನಮ್ಮ ಮೇಲೆ ಕೆಡವಿಬಿಟ್ಟ."

"ನೀನು ಬಾಯಿ ಮುಚ್ಚೋ ಬೋಳಿಮಗನೇ. ನಿನ್ನ ರೋಗದಿಂದ ಇಷ್ಟೆಲ್ಲ" ಎಂದವನು ಮುಂದೆ ಮಾತಾಡಲಾಗದೆ ಬಗ್ಗಿದ. ಬೆಳಿಗ್ಗೆಯಿಂದ ನುಂಗಿದ ಕೆಮ್ಮೆಲ್ಲ ಒಟ್ಟಿಗೆ ಬಂತು. ಮೂಲೆಗೆ ಉಗಿದು, ಅದರ ಮೇಲೆ ಸುಣ್ಣ ಸುರಿದು ಕಾಲಿನಿಂದ ಸವರಿದ. ಸುಣ್ಣ ಗುಲಾಬಿಯಾಯಿತು.

"ವಸಡು ಸರಿಯಿಲ್ಲ" ಎಂದ.

"ಇವನಿಗೂ ಮೊದಲು ಹೀಗೇ ಬಂದಿದ್ದು. ನೀನೂ ತೋರಿಸ್ಕೋ ಅಣ್ಣ."

"ವಸಡು ಅಂದ್ನಲ್ಲ. ಮೇಸ್ತ್ರಿಗೇ ರೋಗ ಅಂತಾದ್ರೆ ಯಾವನೇ ಕೆಲಸ ಕೊಡ್ತಾನೆ? ನಾಲ್ಕು ದಿನ ಎಲ್ಲಾದ್ರೂ ಇರಿ. ಸಾಹುಕಾರ್ರು ತಣ್ಣಗಾಗ್ಲಿ." ಬೇರೆ ಕಡೆ ನೋಡುತ್ತಾ ಹೇಳಿದ: "ನನಗೆ ಅವರ ಗೇಟಿನ ಪಕ್ಕದ ಕೋಣೆ ಕೊಟ್ಟಿದಾರೆ. ಕಾವಲಿಗೆ."

"ಬಾಗಿಲಿದೆಯಾ?" ಎಂದು ಗಂಡ ಕೇಳಿದ.

"ಇದೆ."

"ಚಿಲಕ?"

"ಒಳಗಡೆಯಿಂದ್ಲೂ ಇದೆ" ಎಂದ ಅಣ್ಣ. ಆ ಮಾತಿನಲ್ಲಿ ನಾಚಿಕೆ ಇತ್ತೋ ಏನೋ. ಆಸೆಯಂತೂ ಇತ್ತು.

*

ಅಂಗಡಿ ಬೀದಿಯ ಷಟರುಗಳ ಮುಂದೆ ಮಲಗಿದೆವು. ಅಲ್ಲಿ ಆಗಲೇ ಜನ ಇದ್ದರು, ಒಬ್ಬರ ಉಸಿರು ಇನ್ನೊಬ್ಬರ ಕುತ್ತಿಗೆಗೆ ತಾಗುವಷ್ಟು ಒತ್ತಾಗಿ. ಪಕ್ಕದ ಮುದುಕಿ ಗಂಡನನ್ನು ದಿಟ್ಟಿಸಿ, "ಕೆಮ್ಮೋನಾದ್ರೆ ಆ ಕಡೆ ತಿರುಗಿ ಮಲಗಪ್ಪ. ನಾವೂ ಕೆಮ್ಮೋರೇ, ಆದ್ರೂ ಹೇಳ್ಬೇಕಲ್ಲ" ಎಂದಳು. ಗಂಡ ಷಟರಿಗೆ ಮುಖ ಮಾಡಿ ಮಲಗಿದ.

ಮಾತ್ರೆ ಮುಗಿದಿತ್ತು. ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದರೆ ಮಾತ್ರೆ ಅಕ್ಕ ಹೊರಗಿನ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದಳು. ನಮ್ಮನ್ನು ಕಂಡು ನಲ್ಲಿ ನಿಲ್ಲಿಸಿದಳು.

"ಎಂಥಾ ಮನೆ ಕೊಟ್ಟಿದ್ದೀಯೇ ತಾಯಿ. ನಾಯಿ ಬಿಡ್ತೀನಿ ಅಂದ ಅವನು."

"ನಿನಗೆ ನಾಯಿ ಬಿಡ್ತೀನಿ ಅಂದ, ನಮ್ಮನ್ನ ಬೀದಿಗೆ ಬಿಟ್ಟೇಬಿಟ್ಟ ಅಕ್ಕ. ಈ ವಾರದ ಮಾತ್ರೆ ಕೊಡು."

"ಕೊಡೋ ಹಾಗಿಲ್ಲ ಕಣೇ. ಸುಳ್ಳು ವಿಳಾಸ ಅಂತ ಅವನು ಮೇಲಿನವರಿಗೆ ಫೋನ್ ಮಾಡಿದಾನೆ. ನಾಳೆ ಬೆಳಿಗ್ಗೆ ಇನ್ನೊಂದು ಸಲ ಹೋಗಿ ನೋಡು, ರೋಗಿ ಅಲ್ಲಿದ್ರೆ ಕೊಡು, ಇಲ್ಲದಿದ್ರೆ ಹೆಸರು ಹೊಡೆದುಹಾಕು ಅಂದಿದಾರೆ."

"ಅರ್ಧಕ್ಕೆ ನಿಂತರೆ?"

"ಮತ್ತೆ ಬರುತ್ತೆ. ಆಮೇಲೆ ಈ ಮಾತ್ರೆಗೆ ಬಗ್ಗದೇ ಇರಬಹುದು. ಇವನಿಂದ ಅಂಟಿದೋರಿಗೂ ಬಗ್ಗಲ್ಲ."

"ಈಗ ಅಂಟುತ್ತಾ?"

"ಈಗಿಲ್ಲ. ಮೊನ್ನೆ ಕಫ ನೋಡಿದಾರಲ್ಲ, ಏನೂ ಇಲ್ಲ. ಇವನ ಪಕ್ಕ ನಾನೇ ಬೇಕಾದ್ರೆ ಮಲಗ್ತೀನಿ."

"ಬೇಡ ಅಕ್ಕ, ಇವಳು ಗಾರೆ ಕರಣೆ ತಗೊಂಡು ಹೊಡೀತಾಳೆ" ಎಂದ ಗಂಡ.

ಮಾತ್ರೆ ಅಕ್ಕ ನಗಲಿಲ್ಲ. "ಭಯ ಇರೋದು ಮಾತ್ರೆ ನುಂಗದೆ ಕೆಮ್ಮಿಕೊಂಡು ತಿರುಗೋರಿಂದ. ನಿಮ್ಮ ಕಡೆ ಅಂಥೋರು ಯಾರಾದ್ರೂ ಇದ್ದರೆ ಹೇಳು."

ಗಂಡ ನನ್ನ ಮುಖ ನೋಡಿದ. ನಾನು ಯಾರೂ ಇಲ್ಲ ಎಂದೆ. ನನ್ನ ಸುದ್ದಿಯಿಂದ ಅಣ್ಣನ ಕೂಳು ಹೋಗಬಾರದು ಎನ್ನುವಷ್ಟು ನೆತ್ತರು ಆಗಿನ್ನೂ ನನ್ನಲ್ಲಿತ್ತು.

*

ಬೆಳಿಗ್ಗೆ ಹಾಲಿನವನಿಗೆಂದು ಸಾಹುಕಾರನ ಗೇಟು ತೆರೆದಿತ್ತು. ನಾವು ಒಳಗೆ ಹೋಗಿ ಮುಂಬಾಗಿಲ ಮೆಟ್ಟಿಲ ಮೇಲೆ ಕೂತೆವು. ನೀರು ಒಳಗೆ ಹೋಗದೆ ಹೊರಗೆ ಹರಿಯಲೆಂದು ಆ ಮೆಟ್ಟಿಲಿಗೆ ಒಂದಿಷ್ಟು ಇಳಿಜಾರು ಕೊಟ್ಟಿದ್ದೆ. ಕೂತ ಮೇಲೆ ತಿಳಿಯಿತು, ಅದು ಕೂತವರನ್ನೂ ಹೊರಕ್ಕೇ ಜಾರಿಸುತ್ತದೆ. ಗಂಡ ಮೆಟ್ಟಿಲ ಪಕ್ಕದ ಕಂಬವನ್ನು ತೋಳಿನಲ್ಲಿ ಬಳಸಿಕೊಂಡ.

ಬಾಗಿಲು ತೆರೆಯಿತು. ಸಾಹುಕಾರ ಮೊದಲು ಕರವಸ್ತ್ರ ಹುಡುಕಿದ, ಆಮೇಲೆ ಬಾಯಿ ತೆರೆದ.

"ಯಾರ ಅಪ್ಪನ ಮನೆ ಅಂತ ಕೂತಿದೀರೋ ಹಲ್ಕಟ್ ನನ್ನ ಮಕ್ಕಳಾ?"

"ನಮ್ಮದೇ ಅಂತ ನೀವೇ ಹೇಳಿದ್ರಲ್ಲ ಸ್ವಾಮಿ" ಎಂದೆ. "ಮನೆ ಬೇಡ. ಮಾತ್ರೆ ಅಕ್ಕ ಬರೋ ತನಕ ಮೆಟ್ಟಿಲು ಸಾಕು."

"ಮೇಸ್ತ್ರಿ" ಎಂದು ಕೂಗಿದ.

ಗೇಟಿನ ಪಕ್ಕದ ಕೋಣೆಯ ಹಿಂದಿನಿಂದ ಅಣ್ಣ ಬಂದ. ಹೆಗಲ ಮೇಲೆ ಸಾಹುಕಾರನ ಮೊಮ್ಮಗ. ಎರಡೇ ದಿನದಲ್ಲಿ ಅವನು ಕಾವಲಿಗೂ ಆಗಿದ್ದ, ಆನೆ ಆಡಿಸಲಿಕ್ಕೂ ಆಗಿದ್ದ. ಮಗು ಅವನ ಎರಡು ಕಿವಿ ಹಿಡಿದುಕೊಂಡಿತ್ತು.

"ಏನ್ ನೋಡ್ತಿದೀಯ? ಎಳೆದು ಹೊರಗೆ ಹಾಕು ಈ ರೋಗಿಷ್ಠರನ್ನ. ನಮ್ಮನೆಗೆಲ್ಲ ಹತ್ತಿಸಿಬಿಡ್ತಾರೆ."

"ಏಳಿ" ಎಂದ ಅಣ್ಣ. ನಾವು ಏಳಲಿಲ್ಲ. "ಏಳೇ, ಸೂಳೇಮುಂಡೆ. ನನ್ನ ಅನ್ನಕ್ಕೂ ಮಣ್ಣು ಹಾಕ್ಬೇಡ."

ಒಡಹುಟ್ಟಿದವನ ಬಾಯಿಂದ ಆ ಮಾತನ್ನು ನಾನು ಮೊದಲ ಸಲ ಕೇಳಿದ್ದು. ಅವನು ಒಂದು ಕೈಯಲ್ಲಿ ಮಗುವಿನ ಕಾಲು ಹಿಡಿದು, ಇನ್ನೊಂದು ಕೈಯಿಂದ ನನ್ನ ಗಂಡನ ಅಂಗಿಯ ಕೊರಳು ಹಿಡಿದು ಜಗ್ಗಿದ. ಗಂಡ ಕಂಬ ಬಿಡಲಿಲ್ಲ. ಅಂಗಿ ಹರಿಯಿತು. ಅಣ್ಣ ಮತ್ತೆ ಜಗ್ಗಿದ, ಜಗ್ಗಿದ ರಭಸಕ್ಕೆ ಕೆಮ್ಮು ಹತ್ತಿತು. ಈ ಸಲ ನುಂಗಲಾಗಲಿಲ್ಲ. ಬಗ್ಗಿ, ಮಂಡಿಗೆ ಕೈ ಕೊಟ್ಟು ಕೆಮ್ಮಿದ. ಮಗು ಅವನ ತಲೆಯ ಮೇಲಿಂದ ಮುಂದಕ್ಕೆ ಜೋತುಬಿದ್ದು, ಬಾಯಿಯ ಹತ್ತಿರಕ್ಕೆ ಮುಖ ತಂದು ನೋಡಿತು. ಆಟವೆಂದುಕೊಂಡು ತಾನೂ ಹಾಗೇ ಕೆಮ್ಮಿ ನಕ್ಕಿತು.

ಸಾಹುಕಾರ ಕರವಸ್ತ್ರ ಮೂಗಿಗಿಟ್ಟು ನನ್ನ ಗಂಡನನ್ನೇ ನೋಡುತ್ತಿದ್ದ.

ಗೇಟಿನಲ್ಲಿ ಮಾತ್ರೆ ಅಕ್ಕ ನಿಂತಿದ್ದಳು. ಕಂಬದ ಮೇಲಿನ ನಂಬರು ಓದಿ ಒಳಗೆ ಬಂದಳು.

"ಇಲ್ಲಿ ರೋಗಿ ಇದಾರಾ?" ಎಂದು ಕೇಳಿದಳು. ಗೊತ್ತಿದ್ದೂ ಕೇಳಲೇಬೇಕಾದ ಪ್ರಶ್ನೆ.

"ಇಲ್ಲಿ ಯಾವ ರೋಗಿನೂ ಇಲ್ಲ" ಎಂದ ಸಾಹುಕಾರ. "ಹೇಳೋ ಮೇಸ್ತ್ರಿ."

"ಇಲ್ಲ ಅಕ್ಕ" ಎಂದ ಅಣ್ಣ, ತುಟಿ ಒರೆಸಿಕೊಳ್ಳುತ್ತಾ. "ಇವರು ಯಾರೋ ಏನೋ."

ನಾನು ಎದ್ದು ನಿಂತೆ. ಅಣ್ಣನಿಗೆ ನನ್ನ ಮುಖ ನೋಡಿದ ಕೂಡಲೇ ಅರ್ಥವಾಯಿತು. ಬೇಡ ಕಣೇ ಎನ್ನುವ ಹಾಗೆ ತಲೆ ಅಲ್ಲಾಡಿಸಿದ. ತಲೆ ಅಲ್ಲಾಡಿಸಿದ್ದಕ್ಕೆ ಮೇಲಿದ್ದ ಮಗು ಖುಷಿಪಟ್ಟು ಕಿವಿಗಳನ್ನು ಇನ್ನೂ ಬಿಗಿಯಾಗಿ ಹಿಡಿಯಿತು.

"ಈ ನಂಬರಿನಲ್ಲಿ ರೋಗಿ ಇಬ್ಬರು ಅಕ್ಕ" ಎಂದೆ. "ಮೆಟ್ಟಿಲ ಮೇಲೆ ಕೂತೋನಿಗೆ ಈ ವಾರದ್ದು ಕೊಡು. ನಿಂತೋನಿಗೆ ಮಾತ್ರೆ ಇನ್ನೂ ಶುರುವೇ ಆಗಿಲ್ಲ."

ಸಾಹುಕಾರ ಕರವಸ್ತ್ರವನ್ನು ಯಾವ ಕಡೆಗೆ ಹಿಡಿಯಬೇಕೆಂದು ತಿಳಿಯದೆ ಇಬ್ಬರನ್ನೂ ನೋಡಿದ. ಆಮೇಲೆ ಅಣ್ಣನ ಹೆಗಲ ಮೇಲೆ ನೋಡಿದ.

ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಮಗು ಇನ್ನೊಂದು ಸಲ ಕೆಮ್ಮಿ ತೋರಿಸಿತು.