ಬೊಮ್ಮಪ್ಪನ ಗುಡ್ಡದಲ್ಲಿ ಸಸಿ ನೆಟ್ಟ ದಿನ

ಕುದಿಯುವ ನೀರಿಗೆ ರಾಗಿ ಹಿಟ್ಟು ಸುರಿದು ಮುದ್ದೆ ಕೋಲು ಹಿಡಿದಿದ್ದೆ. ಆ ಹೊತ್ತಿನಲ್ಲಿ ಯಾರು ಕರೆದರೂ ತಿರುಗಬಾರದು, ಗಂಟಾಗಿಬಿಡುತ್ತದೆ. ಆದರೆ ಬಾಗಿಲಲ್ಲಿ ನಿಂತು ಕೂಗಿದವರು ಪಟ್ಟಲಮ್ಮ. ನಮ್ಮ ಹೆಂಗಸರ ಸಂಘಕ್ಕೆ ಅವರೇ ಹಿರಿಯರು.

“ಶಾಲಿನೀ, ಇನ್ನೂ ಒಲೆ ಮುಂದೇನೇ ಇದ್ದೀಯಾ? ಸಸಿ ಗಾಡಿ ಆಗ್ಲೇ ಗುಡ್ಡದ ತಾವು ನಿಂತದೆ. ಮೋಡ ನೋಡು ಎಂಗ್ ಕಟ್ಕಂಡದೆ, ಬಾರಮ್ಮಿ!”

“ಮುದ್ದೆ ಗಂಟಾಯ್ತದೆ ಕಣತ್ತೆ.”

“ಆಗ್ಲಿ ಬುಡು. ಮೂರು ಗಂಟು ಹಾಕ್ದೋನು ಇನ್ನೊಂದೆಲ್ಡು ಗಂಟು ನುಂಗ್ಲಿ.”

ನಗುತ್ತಲೇ ಗ್ಯಾಸ್ ಆಫ್ ಮಾಡಿದೆ. ಹೊರಗೆ ಜಗಲಿಯ ಮೇಲೆ ಮಗಳು ಚಂದನ ಕೂತಿದ್ದಳು. ಎರಡನೇ ಕ್ಲಾಸು. ಈಚೆಗೆ ನಾನು ಒಲೆ ಹಚ್ಚಿದರೆ ಸಾಕು, ಎದ್ದು ಹೊರಗೆ ಹೋಗುತ್ತಾಳೆ.

ಅದು ಶುರುವಾಗಿದ್ದು ಗುಡ್ಡಕ್ಕೆ ಬೆಂಕಿ ಬಿದ್ದ ಮೇಲೆ. ಶಿವರಾತ್ರಿಯ ದಿನ. ಗಾಳಿಯಿತ್ತು, ಹುಲ್ಲು ಒಣಗಿತ್ತು. ನಾವೆಲ್ಲ ಹಸಿ ಸೊಪ್ಪು ಹಿಡಿದು ಬಡಿದೆವು, ಆದರೂ ಕತ್ತಲಾಗುವಷ್ಟರಲ್ಲಿ ಗುಡ್ಡದ ಈ ಮಗ್ಗುಲು ಪೂರ್ತಿ ಕಪ್ಪಾಯಿತು. ಯಾರೋ ಬೀಡಿ ಎಸೆದರು ಅಂದರು. ಹುಲ್ಲು ಚಿಗುರಲಿ ಅಂತ ಕುರಿಯವರೇ ಹಚ್ಚಿದರು ಅಂದರು. ಏನೂ ಗೊತ್ತಾಗಲಿಲ್ಲ. ಚಂದನ ಅವತ್ತು ಬೆಳಿಗ್ಗೆ ಅಜ್ಜಿಯ ಜೊತೆ ಗುಡ್ಡದ ಬುಡದ ಬೊಮ್ಮಪ್ಪನ ಕಲ್ಲಿಗೆ ಪೂಜೆ ಮಾಡಿ ಬಂದಿದ್ದಳು. ಸ್ವಲ್ಪ ತಡವಾಗಿದ್ದರೆ ಬೆಂಕಿಗೆ ಸಿಕ್ಕಿಬೀಳುತ್ತಿದ್ದೆನೆಂದು ಮಗು ಬೆದರಿದೆ ಎಂದುಕೊಂಡೆ.

ಮೊದಲೆಲ್ಲ ಕಾರೆ ಹಣ್ಣು ಹುಡುಕಿಕೊಂಡು ದಿನಾ ಗುಡ್ಡಕ್ಕೆ ಓಡುತ್ತಿದ್ದವಳು. ಆಮೇಲೆ ಅತ್ತ ಮುಖ ಹಾಕಲಿಲ್ಲ. ಕೇಳಿದರೆ ಬಾಯಿ ಬಿಡುವುದಿಲ್ಲ. ಗದರಿಸಿ ಕೇಳಲು ನನಗೆ ಮನಸ್ಸು ಬರಲಿಲ್ಲ. ನಮ್ಮ ಹೊಲ ಇರುವುದೇ ಗುಡ್ಡದ ಬುಡದಲ್ಲಿ. ಇವಳು ಹೀಗೆ ಗುಡ್ಡಕ್ಕೆ ಬೆನ್ನು ಹಾಕಿಯೇ ದೊಡ್ಡವಳಾಗಿಬಿಟ್ಟರೆ ಏನು ಮಾಡಲಿ ಎಂಬುದೊಂದೇ ನನ್ನ ಚಿಂತೆ. ಸುಟ್ಟ ಗುಡ್ಡಕ್ಕೆಂದು ಸಂಘದವರು ಮನೆಮನೆಯ ಹಿತ್ತಲಲ್ಲಿ ಸಸಿ ಬೆಳೆಸಿದಾಗ ನಮ್ಮ ಪಾಲಿಗೆ ಬಂದ ನೆಲ್ಲಿಗೆ ಇವಳೇ ನೀರು ಹಾಕಿದಳು. ಹಾಕಿ ಹಾಕಿ ಕೆಲವದರ ಬೇರೇ ಕೊಳೆಯಿತು. “ಸಾಕು ಮಗಾ” ಅಂದರೆ, “ಅವಕ್ಕೆ ಬಿಸಿ ಆಯ್ತದೆ ಅಮ್ಮ” ಅನ್ನುವಳು.

“ಬತ್ತೀಯಾ?” ಎಂದು ಒಂದೇ ಸಲ ಕೇಳಿದೆ. ನೀರಿನ ಚೊಂಬು ಎತ್ತಿಕೊಂಡು ಹಿಂದೆ ಬಂದಳು. ನನ್ನ ಅವ್ವ ಚಲುವಮ್ಮ ಮುಂದೆ ನಡೆದಳು. ಸಸಿ ನೆಡಲೆಂದೇ ಹಿಂದಿನ ದಿನ ಬೆಸಗರಹಳ್ಳಿಯಿಂದ ಬಸ್ಸಿಗೆ ಬಂದಿದ್ದಳು. ಶಿವರಾತ್ರಿಯಲ್ಲಿ ಚಂದನಳನ್ನು ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದ ಅಜ್ಜಿ ಅವಳೇ.

ಹೊಲದಲ್ಲಿ ಬದುವಿನುದ್ದಕ್ಕೂ ಹೆಬ್ಬೇವು ಇಟ್ಟು, ನಡುವೆ ಹುರುಳಿ ಚೆಲ್ಲಲು ಜಾಗ ಬಿಟ್ಟಿದ್ದೆವು. ಬುಡದ ಹೊಲದವರೆಲ್ಲ ಹಾಗೇ ಮಾಡಿದ್ದಾರೆ. ಮರವೂ ಬೆಳೆಯಲಿ, ದನಕ್ಕೂ ನಮಗೂ ಹೊಟ್ಟೆಗಾಗಲಿ ಅಂತ. ಗುಡ್ಡಕ್ಕೆ ಮಾತ್ರ ಹೊಂಗೆ, ನೆಲ್ಲಿ, ಕಮರ, ಬಿದಿರು. ಚಂದನ ಬದುವಿನ ಮೇಲೆ ನಿಂತುಬಿಟ್ಟಳು.

“ಯಾಕಮ್ಮಿ, ಗುಡ್ಡ ಕಚ್ಚತದಾ?” ಪಟ್ಟಲಮ್ಮ ಕೇಳಿದರು.

“ಬರ್ತಾಳೆ ಬುಡಿ ಅತ್ತೆ” ಎಂದು ನಾನು ಅವಳ ಪಕ್ಕದಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ನನ್ನ ಸೆರಗು ಹಿಡಿದು ಬೊಮ್ಮಪ್ಪನ ಕಲ್ಲಿನವರೆಗೆ ಬಂದಳು.

ಮೊದಲ ಗುಂಡಿಗೆ ಇಳಿಸುವ ಸಸಿಯನ್ನು ಕಲ್ಲಿನ ಮುಂದಿಟ್ಟು, ಅವ್ವ ಮಣ್ಣಿನ ದೀಪ ಹಚ್ಚಿ ಕೈಮುಗಿದಳು. ಎಲ್ಲರೂ ಸಸಿ ತುಂಬಿದ ಮಂಕರಿ ಎತ್ತಿಕೊಂಡರು.

“ಚಲುವಕ್ಕಾ, ಪೂಜೆ ಆಯ್ತಲ್ಲ? ದೀಪ ಉರಿಯೋಕ್ಕೆ ಬುಟ್ಟು ಓಗಂಗಿಲ್ಲ. ಬೆಂಕಿ ಬಿದ್ಮೇಲೆ ಸಂಘದಲ್ಲಿ ಹಂಗಂತ ಮಾತಾಗದೆ” ಅಂದರು ಪಟ್ಟಲಮ್ಮ.

ಅವ್ವನ ಎರಡು ಕೈಯೂ ತಲೆಯ ಮೇಲಿನ ಮಂಕರಿಯಲ್ಲಿದ್ದವು. ತಿರುಗಿ ಮೊಮ್ಮಗಳಿಗೆ ಹೇಳಿದಳು: “ಚಂದನಾ, ದೀಪ ದೊಡ್ದು ಮಾಡಮ್ಮಿ.”

ಚಂದನ ಚೊಂಬು ಬಿಟ್ಟು ನನ್ನ ಬೆನ್ನ ಹಿಂದೆ ಬಂದಳು. “ನಾನು ಮಾಡಲ್ಲ. ನಾನು ಮಾಡಲ್ಲ.”

“ಅಯ್, ಇಷ್ಟಕ್ಕೆಲ್ಲ ಯಾಕಮ್ಮಿ ಎದ್ರುಕಂತೀಯೆ?” ಪಟ್ಟಲಮ್ಮ ಬಗ್ಗಿ ಒಂದು ಕಣಗಿಲೆ ಹೂವನ್ನು ಎಣ್ಣೆಯಲ್ಲಿ ಅದ್ದಿ ಬತ್ತಿಯ ಮೇಲೆ ಒತ್ತಿದರು. ಬತ್ತಿ ಚುಯ್ ಎಂದು ಸಣ್ಣ ಹೊಗೆಯಾಡಿತು.

ಚಂದನ ಇಣುಕಿದಳು. “ಅಜ್ಜಿ ದೊಡ್ಡದು ಮಾಡು ಅಂದ್ರು. ನೀವು ಆರಿಸಿಬಿಟ್ರಿ!”

“ಬುಡ್ತು ಅನ್ನು, ಬುಡ್ತು ಅನ್ನು! ದೀಪಕ್ಕೆ ಆ ಮಾತು ಆಡ್ತಾರಾ? ಅದನ್ನ ದೊಡ್ದು ಮಾಡೋದು ಅಂತಲೇ ಅನ್ನೋದು ಕಣಮ್ಮಿ. ಏನು ಕಲಿಸ್ದೆ ಶಾಲಿನೀ ನಿನ್ ಮಗಳಿಗೆ?”

ನಿಜ, ಕಲಿಸಿರಲಿಲ್ಲ. ನಮ್ಮ ಮನೆಯಲ್ಲಿ ಲೈಟಿಗೂ ಒಲೆಗೂ ಮೋಟರಿಗೂ ಆಫ್ ಮಾಡು ಎನ್ನುವುದೊಂದೇ ಮಾತು. ಸಂಜೆ ದೇವರ ಮುಂದಿನ ದೀಪ ಎಣ್ಣೆ ತೀರಿ ತಾನೇ ತಣ್ಣಗಾಗುತ್ತದೆ.

ಅವರೆಲ್ಲ ನಗುತ್ತ ಮೇಲೆ ಹತ್ತಿದರು. ಅವ್ವನೂ ಹೋದಳು. ಚಂದನ ಮಾತ್ರ ಬತ್ತಿಯನ್ನೇ ನೋಡುತ್ತ ಕೂತಿದ್ದಳು. ನಾನು ಅವಸರ ಮಾಡಲಿಲ್ಲ. ಹತ್ತಿರದ ಗುಂಡಿಯಲ್ಲಿ ಹೊಂಗೆ ಸಸಿ ಇಳಿಸಿ ಮಣ್ಣು ಎಳೆಯತೊಡಗಿದೆ. ಸುಟ್ಟ ಬುಡಗಳ ಸುತ್ತ ಅಲ್ಲಲ್ಲಿ ಹಸಿರು ಎದ್ದಿತ್ತು. ಒಂದೆರಡು ಹನಿ ಬಿದ್ದವು. ಪುಟ್ಟ ಎರಡು ಕೈ ಬಂದು ನನ್ನ ಕೈ ಪಕ್ಕದಲ್ಲಿ ಮಣ್ಣು ಒತ್ತಿದವು. ಒತ್ತಿದ್ದನ್ನೇ ಮತ್ತೆ ಮತ್ತೆ ಒತ್ತಿದವು.

“ಅಮ್ಮ.”

“ಹೂಂ, ಹೇಳು ಮಗಾ.”

“ಶಿವರಾತ್ರಿಲೂ ಅಜ್ಜಿ ಹಂಗೇ ಅಂದ್ರು. ಅಂದ್ಬಿಟ್ಟು ಮುಂದೆ ಹೋದ್ರು. ನಾನು ಬಾಟ್ಲಲ್ಲಿದ್ದ ಎಣ್ಣೆ ಎಲ್ಲಾ ಹುಯ್ದು, ತರಗೆಲೆ ಇಟ್ಟು, ದೊಡ್ಡದು ಮಾಡಿ ಬಂದೆ.” ಅವಳು ತಲೆ ಎತ್ತಿ ಮೊದಲು ಗುಡ್ಡವನ್ನು ನೋಡಿದಳು, ಆಮೇಲೆ ನನ್ನನ್ನು. “ಗುಡ್ಡ ಸುಟ್ಟಿದ್ದು ನಾನಾ ಅಮ್ಮ?”