ಒಂಬತ್ತು ಪಾಯಿಂಟ್ ಮೂರು

ಅಳತೆಯ ಉಪಕರಣ ಮಾಡುವ ಕಾರ್ಖಾನೆಯವರು ರಜೆಯಲ್ಲಿ ಶಾಲೆಯ ಇಬ್ಬರು ಮಕ್ಕಳಿಗೆ ತರಬೇತಿ ಕೊಟ್ಟು, ಮುಂದೆ ತಾವೇ ಓದಿಸುತ್ತೇವೆ ಎಂದಿದ್ದರು. ಆರಿಸುವ ಕೆಲಸ ಹತ್ತನೇ ತರಗತಿಯ ವಿಜ್ಞಾನದ ಮೇಡಂ ಪಾಲಿಗೆ ಬಂತು. ಅವರು ಎಂಟು ಮಕ್ಕಳಿಗೆ ಒಂದೇ ಲೋಲಕ, ಒಂದೇ ಸ್ಟಾಪ್‌ವಾಚ್ ಕೊಟ್ಟು ಭೂಮಿಯ ಸೆಳೆತವನ್ನು ಅಳೆಯಲು ಹೇಳಿದರು. ಬರಬೇಕಾದ ಉತ್ತರವನ್ನು ಮೊದಲೇ ಬೋರ್ಡಿನ ಮೇಲೆ ಬರೆದರು: ಒಂಬತ್ತು ಪಾಯಿಂಟ್ ಎಂಟು.

ಏಳು ಜನರಿಗೆ ಅದೇ ಬಂತು. ಮಾತಿಗೆ ಮಾತು ಜೋಡಿಸುವ ಹುಡುಗಿ, ಎಲ್ಲರ ಬಾಯಲ್ಲೂ ಲಾಯರಮ್ಮ, ಅವಳಿಗೆ ಮಾತ್ರ ಒಂಬತ್ತು ಪಾಯಿಂಟ್ ಮೂರು.

“ಭೂಮಿ ನಿನಗೊಬ್ಬಳಿಗೇ ರಿಯಾಯಿತಿ ಕೊಟ್ಟಿದೆಯೇನಮ್ಮ?” ಎಂದರು ಮೇಡಂ. ತರಗತಿ ನಕ್ಕಿತು.

ಮೂರು ಸಲ ಮಾಡಿದರೂ ಅದೇ ಬಂತು. “ಬಂದಿದ್ದನ್ನೇ ಬರ್ದಿದೀನಿ ಮೇಡಂ.”

“ಕೈ ಪಳಗಿಲ್ಲ ನಿಂದು.” ಮೇಡಂ ಬೇರೆ ಇಬ್ಬರ ಹೆಸರು ಕಳಿಸಿದರು.

ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಬೀರು ಜೋಡಿಸುತ್ತಿದ್ದ ಅಟೆಂಡರ್ ಆ ವಾಚನ್ನು ಪಕ್ಕಕ್ಕಿಟ್ಟ. “ನಿಮಿಷಕ್ಕೆ ಒಂದೂವರೆ ಸೆಕೆಂಡು ಮುಂದೆ ಓಡುತ್ತೆ. ಎರಡು ವರ್ಷದಿಂದ ಹೀಗೇ.”

“ಹೇಳೋದಲ್ವೇನಯ್ಯ?” ಎಂದರು ಮೇಡಂ.

“ಎಲ್ರಿಗೂ ಉತ್ತರ ಸರಿಯಾಗೇ ಬರ್ತಿತ್ತಲ್ಲ ಮೇಡಂ.”

ಮೇಡಂ ಅಲ್ಲೇ ಸ್ಟೂಲಿನ ಮೇಲೆ ಕೂತು ಲೆಕ್ಕ ಹಾಕಿದರು. ಆ ವಾಚಿನಲ್ಲಿ ಪ್ರಾಮಾಣಿಕವಾಗಿ ಅಳೆದವರಿಗೆ ಬರಬೇಕಾದದ್ದು ಒಂಬತ್ತು ಪಾಯಿಂಟ್ ಮೂರೇ. ಉಳಿದ ಏಳು ಜನ ಬೋರ್ಡು ನೋಡಿ, ಹಿಂದಿನಿಂದ ಲೆಕ್ಕ ಮಾಡಿ, ಸೆಕೆಂಡುಗಳನ್ನು ಹುಟ್ಟಿಸಿದ್ದರು.

ಸಂಜೆ ಹುಡುಗಿಯ ಮನೆಗೆ ಹೋದರು. ಅವಳು ಮೆಟ್ಟಿಲ ಮೇಲೆ ಕೂತು ತಂಗಿಯ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದಳು. ಮೇಡಂ ನಿಂತುಕೊಂಡೇ ಎಲ್ಲ ಹೇಳಿದರು. “ತಪ್ಪು ನಂದಮ್ಮ. ನೀನು ಸೈನ್ಸ್ ತಗೋ. ಕಾರ್ಖಾನೆಯವರ ಹತ್ರ ನಾನೇ ಮಾತಾಡ್ತೀನಿ.”

“ಕಾಮರ್ಸಿಗೆ ಸೇರಾಯ್ತು ಮೇಡಂ.”

“ಬದಲಾಯಿಸೋಕೆ ಇನ್ನೂ ಟೈಮಿದೆ.”

ಹುಡುಗಿ ಕಾಗದದ ಅಂಚನ್ನು ಉಗುರಿನಿಂದ ತೀಡುತ್ತ ಹೇಳಿದಳು: “ವಾರ್ಷಿಕ ಪ್ರಾಕ್ಟಿಕಲ್‌ನಲ್ಲೂ ಅದೇ ವಾಚು ಕೊಟ್ರಿ. ಮತ್ತೆ ಒಂಬತ್ತು ಪಾಯಿಂಟ್ ಮೂರೇ ಬಂತು. ಮೂರನ್ನ ಹೊಡೆದುಹಾಕಿ ಎಂಟು ಮಾಡ್ದೆ. ನೀವು ‘ಈಗ ಕೈ ಪಳಗಿತು ನೋಡು’ ಅಂತ ಪೂರ್ತಿ ಮಾರ್ಕ್ಸ್ ಕೊಟ್ರಿ.”

ಮೇಡಂಗೆ ಆ ದಿನ ನೆನಪಾಯಿತು. ಬೆನ್ನು ತಟ್ಟಿದ್ದು ಸಹ.

“ಅವತ್ತೇ ಕಾಮರ್ಸಿನ ಫಾರಂ ತುಂಬ್ದೆ,” ಎಂದು ಹುಡುಗಿ ಒಳಗಿನಿಂದ ಅವರಿಗೊಂದು ಕುರ್ಚಿ ತರಲು ಎದ್ದಳು.